ಕೆಂಟ್‌ನ ಒಂದು ಹಳೇ ಊರು, ಒಂದು ಕಡಲೂರು, ಒಂದೇ ದಿನದಲ್ಲಿ: ಹಂತ ಹಂತವಾಗಿ

ಲಂಡನ್‌ನಿಂದ ಆಗ್ನೇಯಕ್ಕಿರುವ ಕೆಂಟ್ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಒಂದು ದಿನದ ಮಟ್ಟಿಗೆ ಹೋಗಿಬಂದ ನಮ್ಮವರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಾಟನಿ ಬೇ ಅನ್ನುವ ಕಡಲ ದಂಡೆಗೆ ಹೋದರೆ ಮರಳೇ ಇರಲಿಲ್ಲ, ಬಂಡೆಯ ಬುಡದವರೆಗೂ ನೀರು. ಕ್ಯಾಂಟರ್‌ಬರಿ ಕೆಥೀಡ್ರಲ್ (ದೊಡ್ಡ ಚರ್ಚು) ಮುಂದೆ ನಿಂತರೆ ಪ್ರವಾಸಿಗರಿಗೆ ಬಾಗಿಲು ತೆಗೆದಿರಲಿಲ್ಲ. ರೈಲಿನ ಬದಲು ಬಸ್ ಹತ್ತಿಸಿದರು. ವೇಗದ ರೈಲು ಅಂತ ಹತ್ತಿದರೆ ಈ ಟಿಕೆಟ್ ನಡೆಯಲ್ಲ ಅಂದರು.

ಇವೆಲ್ಲ ಬೇರೆ ಬೇರೆ ತೊಂದರೆಗಳ ಹಾಗೆ ಕಂಡರೂ ಕಾರಣ ಒಂದೇ. ಹೊರಡುವವರು ಮೊದಲು ಊರನ್ನು ಆರಿಸುತ್ತಾರೆ, ಆಮೇಲೆ ರೈಲು ನೋಡುತ್ತಾರೆ, ಕಡಲಿನ ಹೊತ್ತನ್ನು ನೋಡುವುದೇ ಇಲ್ಲ. ಇದನ್ನು ತಿರುಗಿಸಿ ಮಾಡಬೇಕು. ಮೊದಲು ದಿನ ಮತ್ತು ಕಡಲು, ಆಮೇಲೆ ರೈಲು ದಾರಿ, ಕೊನೆಗೆ ಊರು. ಕೆಳಗಿನ ಹಂತಗಳು ಈ ಕ್ರಮದಲ್ಲೇ ಇವೆ. ಯಾವುದನ್ನೂ ಹಾರಿಸಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಫೋನಿನಲ್ಲಿ ನ್ಯಾಷನಲ್ ರೈಲ್ ಆ್ಯಪ್ ಮತ್ತು ಮೆಟ್ ಆಫೀಸ್‌ನ ಹವಾಮಾನದ ಆ್ಯಪ್ ಹಾಕಿಕೊಳ್ಳಿ. ಉಬ್ಬರ-ಇಳಿತದ ಪಟ್ಟಿಗೆ ಬ್ರಿಟನ್‌ನ ನೌಕಾ ನಕ್ಷೆ ಇಲಾಖೆಯ ಈಸಿಟೈಡ್ ಸಾಕು. ಅದರಲ್ಲಿ ಮುಂದಿನ ಏಳು ದಿನದ ಸಮಯ ದುಡ್ಡಿಲ್ಲದೆ ಸಿಗುತ್ತದೆ. ಒಂದು ಚಿಕ್ಕ ಕಾಗದವೂ ಇರಲಿ. ಆ ದಿನದ ಉಬ್ಬರ, ಇಳಿತ, ವಾಪಸ್ ರೈಲಿನ ಸಮಯ, ಇಷ್ಟನ್ನು ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಕಡಲ ದಂಡೆಯಲ್ಲಿ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ.

ಹಂತ 1: ದಿನ ಗೊತ್ತು ಮಾಡಿ

ನಮ್ಮವರು ಜಾಸ್ತಿ ಆರಿಸುವುದು ಭಾನುವಾರ. ಕೆಂಟ್‌ಗೆ ಹೋಗಲು ಅದೇ ಎಲ್ಲಕ್ಕಿಂತ ಕಷ್ಟದ ದಿನ. ಹಳಿ ರಿಪೇರಿ ಕೆಲಸವನ್ನು ಹೆಚ್ಚಾಗಿ ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ (ಸಾರ್ವತ್ರಿಕ ರಜೆ) ದಿನಗಳಲ್ಲಿ ಇಟ್ಟುಕೊಳ್ಳುತ್ತಾರೆ. ಆಗ ಅರ್ಧ ದಾರಿ ಬಸ್ಸಿನಲ್ಲಿ ಕೂರಬೇಕಾಗುತ್ತದೆ. ಕ್ಯಾಂಟರ್‌ಬರಿ ಕೆಥೀಡ್ರಲ್ ಕೂಡ ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಮೀಸಲು, ಪ್ರವಾಸಿಗರಿಗೆ ತಡವಾಗಿ ತೆರೆಯುತ್ತದೆ. ಸಾಧ್ಯವಾದರೆ ಶನಿವಾರ ಹೋಗಿ. ರಜೆ ಹಾಕುವಂತಿದ್ದರೆ ಮಂಗಳವಾರದಿಂದ ಶುಕ್ರವಾರದೊಳಗಿನ ಯಾವ ದಿನವಾದರೂ ಇನ್ನೂ ಒಳ್ಳೆಯದು. ಸೋಮವಾರ ಬೇಡ. ಮಾರ್ಗೇಟ್‌ನ ಟರ್ನರ್ ಕಂಟೆಂಪರರಿ ಗ್ಯಾಲರಿ ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತದೆ.

ದಿನ ಮನಸ್ಸಿಗೆ ಬಂದ ಕೂಡಲೇ ಎರಡು ಕಡೆ ನೋಡಿ. ಒಂದು, ನ್ಯಾಷನಲ್ ರೈಲ್‌ನಲ್ಲಿ ಆ ದಿನದ ಹಳಿ ಕೆಲಸದ ಪಟ್ಟಿ. ಎರಡು, ನೀವು ಒಳಗೆ ಹೋಗಬೇಕೆಂದಿರುವ ಜಾಗದ ಸ್ವಂತ ವೆಬ್‌ಸೈಟ್. ಗೂಗಲ್ ಮ್ಯಾಪ್ ತೋರಿಸುವ ಸಮಯ ಇಲ್ಲಿ ಸಾಲದು. ಕ್ಯಾಂಟರ್‌ಬರಿ ಕೆಥೀಡ್ರಲ್‌ನಲ್ಲಿ ಯೂನಿವರ್ಸಿಟಿಯ ಪದವಿ ಪ್ರದಾನ ಸಮಾರಂಭ ನಡೆಯುವ ದಿನಗಳಿವೆ. ಆಗ ಒಳಗೆ ಬಿಡುವುದಿಲ್ಲ, ಅಥವಾ ಸ್ವಲ್ಪ ಭಾಗ ಮಾತ್ರ ಬಿಡುತ್ತಾರೆ. ಇದು ಅವರ ವೆಬ್‌ಸೈಟ್‌ನಲ್ಲಿ ಮುಂಚೆಯೇ ಬಂದಿರುತ್ತದೆ. ಚಳಿಗಾಲದಲ್ಲಿ ಹಲವು ಕೋಟೆಗಳು ವಾರಾಂತ್ಯ ಮಾತ್ರ ತೆರೆದಿರುತ್ತವೆ.

ಬೆಳಕಿನ ಲೆಕ್ಕವೂ ಇಲ್ಲೇ ಆಗಲಿ. ಜೂನ್‌ನಲ್ಲಿ ರಾತ್ರಿ 9 ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೆ ಮೊದಲೇ ಮುಗಿಯಿತು. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ ಅಂತ ಚಳಿಗಾಲದಲ್ಲಿ ಹೊರಡುವವರು ಬೇಸಿಗೆಯಲ್ಲಿ ಹೋದವರ ಪಟ್ಟಿಯನ್ನೇ ಹಿಡಿದುಕೊಂಡು ಹೋಗಬೇಡಿ. ಅದರ ಅರ್ಧವೂ ಆಗುವುದಿಲ್ಲ.

ಹಂತ 2: ಕಡಲಿನ ಹೊತ್ತು ನೋಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಂಗಳೂರು, ಉಡುಪಿ ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಇರುವ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಮಲ್ಪೆಗೆ ಹೊರಡುವಾಗ ಯಾರೂ ಪಟ್ಟಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಕೆಂಟ್‌ನಲ್ಲಿ ಹಾಗಲ್ಲ. ಮಾರ್ಗೇಟ್‌ನಲ್ಲಿ ಈ ವ್ಯತ್ಯಾಸ 4 ಮೀಟರ್ ದಾಟುತ್ತದೆ, ಡೋವರ್‌ನಲ್ಲಿ 6 ಮೀಟರ್ ಹತ್ತಿರ ಹೋಗುತ್ತದೆ. ದಂಡೆ ಇಳಿಜಾರಾಗಿರದೆ ಸಪಾಟಾಗಿದ್ದರೆ, ಅಷ್ಟು ನೀರು ಇಳಿದಾಗ ಕಡಲು ನೂರಾರು ಹೆಜ್ಜೆ ಹಿಂದೆ ಸರಿಯುತ್ತದೆ. ಅದೇ ಜಾಗದಲ್ಲಿ ಆರು ಗಂಟೆ ಬಿಟ್ಟು ನೋಡಿದರೆ ನಡೆದಾಡಿದ ಮರಳೆಲ್ಲ ನೀರಿನಡಿ ಇರುತ್ತದೆ.

ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಸುಮಾರು ಆರೂಕಾಲು ಗಂಟೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ದಿನ ಈ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ವಾರ ಗೆಳೆಯರು ಹಾಕಿದ ಫೋಟೋ ನೋಡಿ ಅದೇ ಹೊತ್ತಿಗೆ ಹೋದರೆ ಪ್ರಯೋಜನವಿಲ್ಲ. ವಾರದಲ್ಲಿ ಉಬ್ಬರ ಇದ್ದ ಜಾಗಕ್ಕೆ ಇಳಿತ ಬಂದಿರುತ್ತದೆ.

ಮನೆಯಲ್ಲಿ ಕನ್ನಡ ಕ್ಯಾಲೆಂಡರ್ ಇದ್ದರೆ ಒಂದು ಅಂದಾಜು ಸುಲಭವಾಗಿ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನ ದಿನಗಳಲ್ಲಿ ಕೆಂಟ್‌ನ ಈ ದಂಡೆಯಲ್ಲಿ ಉಬ್ಬರ ನಡು ಮಧ್ಯಾಹ್ನದ ಹತ್ತಿರ ಬೀಳುತ್ತದೆ. ಅಷ್ಟಮಿ ಆಸುಪಾಸು ಹೋದರೆ ಮಧ್ಯಾಹ್ನದ ಹೊತ್ತಿಗೆ ಇಳಿತ. ಹುಣ್ಣಿಮೆ, ಅಮಾವಾಸ್ಯೆ ಆದ ಒಂದೆರಡು ದಿನ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಇದು ದಿನ ಆರಿಸಲು ಮಾತ್ರ. ಗಂಟೆ, ನಿಮಿಷಕ್ಕೆ ಪಟ್ಟಿಯನ್ನೇ ನಂಬಿ.

ಪಟ್ಟಿ ಓದುವಾಗ ಆಗುವ ದೊಡ್ಡ ತಪ್ಪು ಒಂದಿದೆ. ಕೆಲವು ಪಟ್ಟಿಗಳು ವರ್ಷವಿಡೀ ಗ್ರೀನಿಚ್ ಸಮಯವನ್ನೇ ಕೊಡುತ್ತವೆ. ಮಾರ್ಚ್‌ನ ಕೊನೇ ಭಾನುವಾರದಿಂದ ಅಕ್ಟೋಬರ್‌ನ ಕೊನೇ ಭಾನುವಾರದವರೆಗೆ ಇಂಗ್ಲೆಂಡಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಪಟ್ಟಿಯ ಮೇಲೆ ಜಿಎಂಟಿ ಅಂತ ಇದ್ದರೆ ಬೇಸಿಗೆಯಲ್ಲಿ ನೀವೇ ಒಂದು ಗಂಟೆ ಸೇರಿಸಬೇಕು. ಸೇರಿಸದಿದ್ದರೆ ನಿಮ್ಮ ಇಡೀ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ಬಂಡೆಯ ಬುಡದಲ್ಲಿ ನಡೆಯುವವರಿಗೆ ಆ ಒಂದು ಗಂಟೆ ಬಹಳ ದೊಡ್ಡದು.

ಈಗ ಹೊತ್ತಿಗೆ ತಕ್ಕ ಜಾಗ. ಮಧ್ಯಾಹ್ನ ಇಳಿತವಿದ್ದರೆ ಬಾಟನಿ ಬೇಯ ಬಿಳಿ ಬಂಡೆಗಳ ನಡುವೆ ಓಡಾಡಬಹುದು, ವಿಟ್‌ಸ್ಟಬಲ್ ಪಕ್ಕದ ಟ್ಯಾಂಕರ್ಟನ್‌ನಲ್ಲಿ ನೀರಿನಿಂದ ಮೇಲೇಳುವ ಕಲ್ಲುದಾರಿ ‘ದ ಸ್ಟ್ರೀಟ್’ ನೋಡಬಹುದು. ಮಧ್ಯಾಹ್ನ ಉಬ್ಬರವಿದ್ದರೆ ಮಾರ್ಗೇಟ್, ಬ್ರಾಡ್‌ಸ್ಟೇರ್ಸ್‌ನಲ್ಲಿ ಈಜಲು ಅನುಕೂಲ. ಡೀಲ್‌ನ ಕಲ್ಲಿನ ದಂಡೆಗೆ ಯಾವ ಹೊತ್ತಾದರೂ ನಡೆಯುತ್ತದೆ. ಇಳಿತದ ದಿನವೇ ಮಾರ್ಗೇಟ್‌ಗೆ ಹೋಗಬೇಕಾಗಿ ಬಂದರೆ ಕ್ಲಿಫ್ಟನ್‌ವಿಲ್‌ನ ವಾಲ್ಪೋಲ್ ಬೇ ಕೊಳ ಇದೆ. 1937ರಲ್ಲಿ ಕಟ್ಟಿದ್ದು, ಸುಮಾರು 4 ಎಕರೆ. ಉಬ್ಬರದಲ್ಲಿ ತುಂಬಿದ ಕಡಲ ನೀರು ಇಳಿತದಲ್ಲೂ ಅದರೊಳಗೇ ಉಳಿಯುತ್ತದೆ. ಕಡಲ ಕಡೆಯ ಗೋಡೆಯ ಹತ್ತಿರ ಆಳ ಜಾಸ್ತಿ, ಮಕ್ಕಳನ್ನು ದಡದ ಕಡೆಯೇ ಇಟ್ಟುಕೊಳ್ಳಿ.

ಹಂತ 3: ರೈಲು ದಾರಿ ಆರಿಸಿ

ಕೆಂಟ್‌ನ ಕಡಲೂರುಗಳು ನಕ್ಷೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ರೈಲಿನಲ್ಲಿ ಅಕ್ಕಪಕ್ಕ ಇರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ದಿನದ ಅರ್ಧ ಭಾಗವನ್ನು ಪ್ಲಾಟ್‌ಫಾರ್ಮ್‌ನಲ್ಲಿ ಕಳೆಯುತ್ತಾರೆ. ತಲೆಯಲ್ಲಿ ಮೂರು ದಾರಿ ಇಟ್ಟುಕೊಂಡರೆ ಸಾಕು.

ಉತ್ತರ ದಾರಿ: ರಾಚೆಸ್ಟರ್, ಫ್ಯಾವರ್‌ಶಮ್, ವಿಟ್‌ಸ್ಟಬಲ್, ಹರ್ನ್ ಬೇ, ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರ್ಯಾಮ್ಸ್‌ಗೇಟ್. ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಲಂಡನ್ ವಿಕ್ಟೋರಿಯಾದಿಂದ ಹೋಗಬಹುದು, ಸೇಂಟ್ ಪ್ಯಾಂಕ್ರಾಸ್‌ನಿಂದಲೂ ಹೋಗಬಹುದು.

ನಡು ದಾರಿ: ಆಶ್‌ಫರ್ಡ್, ಕ್ಯಾಂಟರ್‌ಬರಿ ವೆಸ್ಟ್, ರ್ಯಾಮ್ಸ್‌ಗೇಟ್. ಸೇಂಟ್ ಪ್ಯಾಂಕ್ರಾಸ್‌ನಿಂದ ವೇಗದ ರೈಲಿನಲ್ಲಿ ಕ್ಯಾಂಟರ್‌ಬರಿಗೆ ಸುಮಾರು ಒಂದು ಗಂಟೆ.

ದಕ್ಷಿಣ ದಾರಿ: ಆಶ್‌ಫರ್ಡ್, ಫೋಕ್‌ಸ್ಟನ್, ಡೋವರ್, ಡೀಲ್, ಸ್ಯಾಂಡ್‌ವಿಚ್, ರ್ಯಾಮ್ಸ್‌ಗೇಟ್.

ಕ್ಯಾಂಟರ್‌ಬರಿಯಲ್ಲಿ ಎರಡು ನಿಲ್ದಾಣ ಇವೆ ಅನ್ನುವುದನ್ನು ಮರೆಯಬೇಡಿ. ವೆಸ್ಟ್‌ಗೆ ಸೇಂಟ್ ಪ್ಯಾಂಕ್ರಾಸ್‌ನ ವೇಗದ ರೈಲು ಬರುತ್ತದೆ. ಈಸ್ಟ್ ಇರುವುದು ಫ್ಯಾವರ್‌ಶಮ್‌ನಿಂದ ಡೋವರ್‌ಗೆ ಹೋಗುವ ಬೇರೆ ಹಳಿಯ ಮೇಲೆ. ಎರಡರ ನಡುವೆ ನಡೆದರೆ ಸುಮಾರು 20 ನಿಮಿಷ. ವಾಪಸ್ ರೈಲು ಯಾವ ನಿಲ್ದಾಣದಿಂದ ಅಂತ ಕಾಗದದಲ್ಲಿ ಬರೆದಿಡಿ. ಕೊನೇ ಹತ್ತು ನಿಮಿಷದಲ್ಲಿ ತಪ್ಪು ನಿಲ್ದಾಣಕ್ಕೆ ಓಡುವವರು ಬಹಳ.

ಇನ್ನೊಂದು ಎಚ್ಚರ. ಕೆಲವು ರೈಲುಗಳು ದಾರಿಯಲ್ಲಿ ಎರಡಾಗಿ ಬೇರೆಯಾಗುತ್ತವೆ, ಮುಖ್ಯವಾಗಿ ಆಶ್‌ಫರ್ಡ್‌ನಲ್ಲಿ. ಮುಂದಿನ ಬೋಗಿಗಳು ಒಂದು ಊರಿಗೆ, ಹಿಂದಿನವು ಇನ್ನೊಂದು ಊರಿಗೆ. ಹತ್ತುವ ಮೊದಲು ಬೋರ್ಡ್ ಓದಿ, ಹತ್ತಿದ ಮೇಲೆ ಅನೌನ್ಸ್‌ಮೆಂಟ್‌ಗೆ ಕಿವಿಗೊಡಿ. ಕಿವಿಗೆ ಹಾಡು ಸಿಕ್ಕಿಸಿಕೊಂಡು ನಿದ್ದೆ ಹೋಗುವುದು ಆಶ್‌ಫರ್ಡ್ ದಾಟಿದ ಮೇಲೆ ಆಗಲಿ.

ಹಂತ 4: ಜೋಡಿ ಊರು ಗೊತ್ತು ಮಾಡಿ

ದಿನಕ್ಕೆ ಒಂದು ಹಳೇ ಊರು, ಒಂದು ಕಡಲೂರು. ಮೂರನೆಯದನ್ನು ಸೇರಿಸಿದರೆ ಮೂರನ್ನೂ ಕಿಟಕಿಯಿಂದ ನೋಡಿದ ಹಾಗಾಗುತ್ತದೆ. ನನ್ನ ಅನುಭವದಲ್ಲಿ ಚೆನ್ನಾಗಿ ಕೂಡಿಬರುವ ಜೋಡಿಗಳು ಇವು.

ಕ್ಯಾಂಟರ್‌ಬರಿ ಮತ್ತು ವಿಟ್‌ಸ್ಟಬಲ್. ಮೊದಲ ಸಲ ಹೋಗುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ಎರಡರ ನಡುವೆ ನೇರ ರೈಲಿಲ್ಲ. ಕ್ಯಾಂಟರ್‌ಬರಿ ಬಸ್ ನಿಲ್ದಾಣದಿಂದ ಟ್ರಯಾಂಗಲ್ ಬಸ್ ಹಿಡಿಯಿರಿ, ಅರ್ಧ ಗಂಟೆ ಆಸುಪಾಸಿನ ದಾರಿ. ರೈಲಿನಲ್ಲೇ ಹೋಗುತ್ತೇನೆ ಅಂತ ಹಟ ಹಿಡಿದರೆ ಈಸ್ಟ್ ನಿಲ್ದಾಣಕ್ಕೆ ನಡೆದು, ಫ್ಯಾವರ್‌ಶಮ್‌ನಲ್ಲಿ ಇಳಿದು ಬದಲಿಸಬೇಕು. ಸೈಕಲ್ ಹೊಡೆಯುವವರಿಗೆ ಕ್ರ್ಯಾಬ್ ಆ್ಯಂಡ್ ವಿಂಕಲ್ ವೇ ಇದೆ, ಏಳೂವರೆ ಮೈಲಿ.

ಕ್ಯಾಂಟರ್‌ಬರಿ ಮತ್ತು ಬ್ರಾಡ್‌ಸ್ಟೇರ್ಸ್. ಮರಳಿನ ದಂಡೆಯೇ ಬೇಕು ಅನ್ನುವವರಿಗೆ. ವೆಸ್ಟ್ ನಿಲ್ದಾಣದಿಂದ ರ್ಯಾಮ್ಸ್‌ಗೇಟ್ ಕಡೆಗೆ ಹೋಗಿ, ಅಲ್ಲಿಂದ ಸ್ವಲ್ಪವೇ ಮುಂದೆ.

ರಾಚೆಸ್ಟರ್ ಮತ್ತು ಮಾರ್ಗೇಟ್. ಎರಡೂ ಉತ್ತರ ದಾರಿಯಲ್ಲೇ ಇವೆ. ರಾಚೆಸ್ಟರ್‌ನಲ್ಲಿ ಕೋಟೆ, ಕೆಥೀಡ್ರಲ್, ಹೈ ಸ್ಟ್ರೀಟ್ ಎಲ್ಲ ನಿಲ್ದಾಣದಿಂದ ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ. ಎರಡೂವರೆ ಗಂಟೆ ಸಾಕು. ಮಾರ್ಗೇಟ್‌ನಲ್ಲಿ ನಿಲ್ದಾಣದಿಂದ ಹೊರಬಂದರೆ ಎದುರಿಗೇ ದಂಡೆ.

ಸ್ಯಾಂಡ್‌ವಿಚ್ ಮತ್ತು ಡೀಲ್. ಜನಜಂಗುಳಿ ಬೇಡದವರಿಗೆ, ವಯಸ್ಸಾದವರ ಜೊತೆ ನಿಧಾನ ನಡೆಯುವವರಿಗೆ. ಸ್ಯಾಂಡ್‌ವಿಚ್ ಹಿಂದೆ ಬಂದರು ಆಗಿತ್ತು, ಈಗ ಕಡಲು ಸುಮಾರು 2 ಮೈಲಿ ದೂರ ಸರಿದಿದೆ. ಅಲ್ಲಿ ದಂಡೆ ಹುಡುಕಬೇಡಿ. ಅದಕ್ಕೆ ಪಕ್ಕದ ಡೀಲ್ ಇದೆ.

ಡೋವರ್‌ಗೆ ಮಾತ್ರ ಜೋಡಿ ಬೇಡ. ಕೋಟೆಗೇ ನಾಲ್ಕೈದು ಗಂಟೆ ಬೇಕು. ಬಿಳಿ ಬಂಡೆಗಳ ಮೇಲಿನ ನಡಿಗೆ ಸೇರಿಸಿದರೆ ದಿನ ತುಂಬಿತು. ಬೆಳಗ್ಗೆ ಡೋವರ್, ಮಧ್ಯಾಹ್ನ ಕ್ಯಾಂಟರ್‌ಬರಿ ಅಂತ ಯಾರಾದರೂ ಪಟ್ಟಿ ಕೊಟ್ಟರೆ ಒಪ್ಪಬೇಡಿ. ಎರಡಕ್ಕೂ ಅನ್ಯಾಯ ಆಗುತ್ತದೆ.

ರೈ ಊರನ್ನು ಕೆಂಟ್ ಪಟ್ಟಿಯಲ್ಲಿ ಸೇರಿಸಿಕೊಂಡವರೂ ಸಿಗುತ್ತಾರೆ. ಅದು ಪಕ್ಕದ ಈಸ್ಟ್ ಸಸೆಕ್ಸ್‌ನಲ್ಲಿದೆ. ಆಶ್‌ಫರ್ಡ್‌ನಲ್ಲಿ ರೈಲು ಬದಲಿಸಿ ಹೋಗಬೇಕು. ಅದಕ್ಕೆ ಬೇರೆ ದಿನ ಇಡಿ.

ಕಡಲೂರು ಆರಿಸುವಾಗ ಮರಳೋ ಕಲ್ಲೋ ಅಂತ ಕೇಳಿಕೊಳ್ಳಿ. ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರ್ಯಾಮ್ಸ್‌ಗೇಟ್‌ನಲ್ಲಿ ಮರಳು. ವಿಟ್‌ಸ್ಟಬಲ್, ಡೀಲ್, ಹೈಥ್‌ನಲ್ಲಿ ಗುಂಡುಕಲ್ಲು. ಫೋಕ್‌ಸ್ಟನ್‌ನಲ್ಲಿ ಬಂದರಿನ ಪಕ್ಕದ ಸನ್ನಿ ಸ್ಯಾಂಡ್ಸ್ ಬಿಟ್ಟರೆ ಹೆಚ್ಚಿನದು ಕಲ್ಲೇ. ಮೊಣಕಾಲು ನೋವಿರುವ ಹಿರಿಯರಿಗೆ ಗುಂಡುಕಲ್ಲಿನ ಮೇಲೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಬರಿಗಾಲಲ್ಲಿ ಓಡುವ ಆಸೆಯ ಮಕ್ಕಳಿಗೂ ಅಷ್ಟೇ.

ಹಂತ 5: ಟಿಕೆಟ್ ಕೊಳ್ಳಿ

ಲಂಡನ್‌ನಲ್ಲಿ ದಿನಾ ಆಯ್ಸ್ಟರ್ ಕಾರ್ಡ್ ತೋರಿಸಿ ಓಡಾಡುವವರಿಗೆ ಇಲ್ಲಿ ಮೊದಲ ಪೆಟ್ಟು ಬೀಳುತ್ತದೆ. ಕ್ಯಾಂಟರ್‌ಬರಿ, ಮಾರ್ಗೇಟ್, ಡೋವರ್‌ಗಳಿಗೆ ಆಯ್ಸ್ಟರ್ ನಡೆಯುವುದಿಲ್ಲ. ಹೊರಡುವ ಮೊದಲೇ ಟಿಕೆಟ್ ಕೊಳ್ಳಬೇಕು.

ಎರಡನೆಯದು ವೇಗದ ರೈಲು. ಸೇಂಟ್ ಪ್ಯಾಂಕ್ರಾಸ್‌ನಿಂದ ಹೊರಡುವ ಕೆಂಟ್ ರೈಲುಗಳಿಗೆ ಬೆಲೆ ಜಾಸ್ತಿ. ಅದಕ್ಕೆ ನಡೆಯುವ ಟಿಕೆಟ್ ಮೇಲೆ ‘ಪ್ಲಸ್ ಹೈ ಸ್ಪೀಡ್’ ಅಂತ ಅಚ್ಚಾಗಿರುತ್ತದೆ. ಅದಿಲ್ಲದ ಅಗ್ಗದ ಟಿಕೆಟ್ ಹಿಡಿದು ಆ ರೈಲು ಹತ್ತಿದರೆ ಹೆಚ್ಚುವರಿ ಹಣ ಕಟ್ಟಬೇಕಾಗುತ್ತದೆ. ಹೋಗುವಾಗ ವಿಕ್ಟೋರಿಯಾದಿಂದ ಅಗ್ಗವಾಗಿ ಹೋಗಿ, ವಾಪಸ್ ಬರುವಾಗ ಸುಸ್ತಾಗಿ ಸೇಂಟ್ ಪ್ಯಾಂಕ್ರಾಸ್ ರೈಲು ಹತ್ತುವವರೇ ಇದರಲ್ಲಿ ಜಾಸ್ತಿ ಸಿಕ್ಕಿಬೀಳುವುದು.

ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲೆ ನಡೆಯುವ ಆಫ್‌ಪೀಕ್ ಟಿಕೆಟ್ ಒಂದು ದಿನದ ಪ್ರವಾಸಕ್ಕೆ ಸರಿ. ಶನಿವಾರ ಇಡೀ ದಿನ ಅದೇ ಸಾಕು. ತುಂಬ ಅಗ್ಗ ಅಂತ ಅಡ್ವಾನ್ಸ್ ಟಿಕೆಟ್ ಕೊಂಡರೆ ಅದೇ ರೈಲಿಗೆ ಕಟ್ಟುಬೀಳುತ್ತೀರಿ, ನಡುವಿನ ಊರಲ್ಲಿ ಇಳಿಯುವಂತಿಲ್ಲ. ಜೋಡಿ ಊರು ನೋಡುವವರಿಗೆ ಅದು ಆಗಿಬರುವುದಿಲ್ಲ.

ರಿಯಾಯಿತಿಯನ್ನು ಬಿಟ್ಟುಕೊಡಬೇಡಿ. 3ರಿಂದ 9 ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್‌ನಲ್ಲಿ ಮೂರನೇ ಒಂದು ಭಾಗ ಕಡಿತ, ಯಾವ ಕಾರ್ಡೂ ಬೇಕಿಲ್ಲ. ಗಂಡ ಹೆಂಡತಿ ಇಬ್ಬರೇ ಆಗಾಗ ಓಡಾಡುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್. ಮಕ್ಕಳಿದ್ದರೆ ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್, ಅದರಲ್ಲಿ ಮಕ್ಕಳಿಗೆ 60 ಶೇಕಡಾ ಕಡಿತ ಸಿಗುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಊರಿಂದ ಅಪ್ಪ ಅಮ್ಮ ಬಂದಿದ್ದು ಡೋವರ್, ಡೀಲ್, ವಾಲ್ಮರ್ ಕೋಟೆಗಳನ್ನೆಲ್ಲ ತೋರಿಸುವ ಯೋಚನೆ ಇದ್ದರೆ, ಅವರಿಗೆ ಆ ಕೋಟೆಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ವಿದೇಶಿ ಪ್ರವಾಸಿಗರ ಪಾಸ್ ಬೆಲೆಯನ್ನೂ ಒಮ್ಮೆ ನೋಡಿ. ಬೇರೆ ಬೇರೆ ಟಿಕೆಟ್ ಕೊಳ್ಳುವುದಕ್ಕಿಂತ ಅದು ಕಡಿಮೆ ಬೀಳಬಹುದು.

ಕಾರಿನಲ್ಲಿ ಹೋಗುವವರಿಗೆ ಎರಡೇ ಮಾತು. ಥೇಮ್ಸ್ ನದಿಯನ್ನು ಡಾರ್ಟ್‌ಫರ್ಡ್ ಕ್ರಾಸಿಂಗ್‌ನಲ್ಲಿ ದಾಟಿದರೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಶುಲ್ಕವಿದೆ. ಅಲ್ಲಿ ಟೋಲ್ ಗೇಟ್ ಇರುವುದಿಲ್ಲ, ಯಾರೂ ನಿಲ್ಲಿಸಿ ಕೇಳುವುದಿಲ್ಲ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ ದಂಡ ಮನೆಗೆ ಬರುತ್ತದೆ. ಇನ್ನು ಶಾಲಾ ರಜೆ ಶುರುವಾಗುವ ದಿನಗಳಲ್ಲಿ ಡೋವರ್ ಬಂದರಿನ ಕಡೆ ಹೋಗುವ ರಸ್ತೆಗಳು ಕಟ್ಟಿಕೊಳ್ಳುತ್ತವೆ. ಆ ದಿನ ಕಾರು ತೆಗೆಯಬೇಡಿ.

ಹಂತ 6: ಚೀಲ ಮತ್ತು ಊಟ

ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಮಾರ್ಗೇಟ್ ದಂಡೆ ಉತ್ತರಕ್ಕೆ ಮುಖ ಮಾಡಿದೆ, ಉತ್ತರ ಅಥವಾ ಈಶಾನ್ಯದ ಗಾಳಿ ಬೀಸಿದರೆ ಬಿಸಿಲಿದ್ದರೂ ನಡುಕ ಬರುತ್ತದೆ. ಆಗಸ್ಟ್‌ನಲ್ಲೂ ನೀರು ತಣ್ಣಗೇ ಇರುತ್ತದೆ. ಟವೆಲ್, ಬದಲಿ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಸೀರೆ ಉಡುವವರಿಗೆ ಒಳ್ಳೆ ಹಿಡಿತದ ಬೂಟು. ಪವರ್ ಬ್ಯಾಂಕ್ ಮರೆಯಬೇಡಿ, ವಾಪಸ್ ಟಿಕೆಟ್ ಫೋನಿನಲ್ಲೇ ಇರುತ್ತದೆ ಅಲ್ವಾ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಚಿಪ್ಸ್ ಅಂದರೆ ಬರೀ ಆಲೂಗಡ್ಡೆ ಅಂತ ತಿಳಿಯಬೇಡಿ. ಕೆಲವು ಅಂಗಡಿಗಳಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಇನ್ನು ಕೆಲವು ಕಡೆ ಮೀನು ಕರಿದ ಎಣ್ಣೆಯಲ್ಲೇ ಹಾಕುತ್ತಾರೆ. ಯಾವುದರಲ್ಲಿ ಕರಿದದ್ದು ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನಂತೂ ಪುಳಿಯೋಗರೆ ಕಟ್ಟಿಕೊಂಡು ಹೋಗುವ ಪಕ್ಷ. ದಂಡೆಯಲ್ಲಿ ಡಬ್ಬಿ ಬಿಚ್ಚುವಾಗ ಗೋಡೆಗೆ ಬೆನ್ನು ಕೊಟ್ಟು ಕೂರಿ. ಅಲ್ಲಿನ ಕಡಲಹಕ್ಕಿಗಳು ಹಿಂದಿನಿಂದ ಬಂದು ಕೈಯಲ್ಲಿದ್ದ ತುತ್ತನ್ನೇ ಎಗರಿಸುತ್ತವೆ, ಮಕ್ಕಳು ಹೆದರುತ್ತಾರೆ.

ಹಂತ 7: ಊರಿನೊಳಗೆ ಯಾವುದು ಮೊದಲು

ಇಡೀ ದಿನದ ಕ್ರಮವನ್ನು ಕಡಲೇ ಹೇಳುತ್ತದೆ. ನಿಮಗೆ ಬೇಕಾದ ನೀರು ಬೆಳಗ್ಗೆ ಇದ್ದರೆ ಕಡಲೂರು ಮೊದಲು, ಮಧ್ಯಾಹ್ನ ಇದ್ದರೆ ಹಳೇ ಊರು ಮೊದಲು. ಯಾವ ಹೊತ್ತಾದರೂ ಸರಿ ಅನ್ನುವಂತಿದ್ದರೆ ಹಳೇ ಊರೇ ಮೊದಲಾಗಲಿ. ಕೋಟೆ, ಕೆಥೀಡ್ರಲ್, ಮ್ಯೂಸಿಯಂ ಎಲ್ಲ ಸಂಜೆ 5ರ ಹೊತ್ತಿಗೆ ಮುಚ್ಚುತ್ತವೆ, ಕಡಲು ಮುಚ್ಚುವುದಿಲ್ಲ.

ಕ್ಯಾಂಟರ್‌ಬರಿಯಲ್ಲಿ ವೆಸ್ಟ್ ನಿಲ್ದಾಣದಿಂದ ಹೊರಟು ವೆಸ್ಟ್‌ಗೇಟ್ ಗೋಪುರ ದಾಟಿ ನೇರ ಪೇಟೆ ಬೀದಿಯಲ್ಲಿ ನಡೆಯಿರಿ. ಅಂಗಡಿಗಳಿಗೆ ಈಗ ನಿಲ್ಲಬೇಡಿ. ಮೊದಲು ಕೆಥೀಡ್ರಲ್, ಎರಡು ಗಂಟೆ ಇಡಿ. ಒಳಗೆ ನೆಲಮಾಳಿಗೆಯ ಗುಡಿಯನ್ನೂ, ಮೇಲ್ಗಡೆ ಟ್ರಿನಿಟಿ ಚಾಪೆಲ್‌ನ ಹಳೇ ಬಣ್ಣದ ಗಾಜಿನ ಕಿಟಕಿಗಳನ್ನೂ ಬಿಟ್ಟು ಹೊರಬರುವವರು ಬಹಳ. ಅವೆರಡೇ ನಿಜವಾಗಿ ನಿಂತು ನೋಡಬೇಕಾದವು. ಅಲ್ಲಿಂದ ಸೇಂಟ್ ಅಗಸ್ಟೀನ್ಸ್ ಅಬೆಯ ಅವಶೇಷ, ಅದರಾಚೆ ಸೇಂಟ್ ಮಾರ್ಟಿನ್ಸ್ ಚರ್ಚ್. ಈ ಮೂರೂ ಸೇರಿ 1988ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಸೇಂಟ್ ಮಾರ್ಟಿನ್ಸ್ ತೆರೆದಿರುವ ಸಮಯ ಕಡಿಮೆ, ಹೋಗುವ ಮೊದಲು ನೋಡಿಕೊಳ್ಳಿ. ಕೆಥೀಡ್ರಲ್ ಟಿಕೆಟ್ ದುಬಾರಿ ಅನ್ನಿಸಿದರೆ ಸಂಜೆಯ ಈವನ್‌ಸಾಂಗ್ ಪ್ರಾರ್ಥನೆಗೆ ದುಡ್ಡಿಲ್ಲದೆ ಹೋಗಬಹುದು. ಅದು ಪ್ರಾರ್ಥನೆಯ ಹೊತ್ತು, ಸುತ್ತಾಡಿ ನೋಡುವುದಕ್ಕಲ್ಲ. ಕೊನೆಯವರೆಗೆ ಸುಮ್ನೆ ಕೂತು ಕೇಳುವುದಾದರೆ ಮಾತ್ರ ಹೋಗಿ.

ಡೋವರ್ ಕೋಟೆಯಲ್ಲಿ ಕ್ರಮ ಬೇರೆ. ಯುದ್ಧಕಾಲದ ಸುರಂಗಗಳಿಗೆ ಮಧ್ಯಾಹ್ನ ಉದ್ದ ಸಾಲು ನಿಲ್ಲುತ್ತದೆ. ಬಾಗಿಲು ತೆಗೆದ ಕೂಡಲೇ ಅಲ್ಲಿಗೇ ಹೋಗಿ, ಆಮೇಲೆ ಮೇಲಿನ ದೊಡ್ಡ ಗೋಪುರ. ಡೋವರ್ ಪ್ರಯರಿ ನಿಲ್ದಾಣದಿಂದ ಕೋಟೆಗೆ ಏರುದಾರಿ, ಅರ್ಧ ಗಂಟೆ ಆಗುತ್ತದೆ. ಹಿರಿಯರಿದ್ದರೆ ಟ್ಯಾಕ್ಸಿ ಹಿಡಿಯಿರಿ.

ಡೋವರ್ ಮತ್ತು ಸೇಂಟ್ ಮಾರ್ಗರೆಟ್ಸ್ ಬೇ ಕಡೆ ಫೋನ್ ಫ್ರಾನ್ಸಿನ ಟವರ್ ಹಿಡಿಯುವುದುಂಟು. ಆಗ ಫೋನಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಮುಂದೆ ಹೋಗುತ್ತದೆ, ರೋಮಿಂಗ್ ಹಣವೂ ಬೀಳಬಹುದು. ರೈಲು ತಪ್ಪಿಹೋಯಿತು ಅಂತ ಗಾಬರಿಯಾಗುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಅಲ್ಲಿಗೆ ಹೋಗುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ.

ಮಾರ್ಗೇಟ್, ಬ್ರಾಡ್‌ಸ್ಟೇರ್ಸ್, ರ್ಯಾಮ್ಸ್‌ಗೇಟ್ ನಡುವೆ ರೈಲಿಗೆ ಕಾಯುವುದಕ್ಕಿಂತ ಆ ಮೂರು ಊರನ್ನು ಸುತ್ತುವ ಲೂಪ್ ಬಸ್ ಸಲೀಸು. ಸೂರ್ಯ ಮುಳುಗುವುದನ್ನು ನೋಡಬೇಕಾದರೆ ಮಾರ್ಗೇಟ್‌ನಲ್ಲಿ ಉಳಿಯಿರಿ. ಬ್ರಾಡ್‌ಸ್ಟೇರ್ಸ್, ಡೀಲ್ ದಂಡೆಗಳು ಪೂರ್ವಕ್ಕೆ ತಿರುಗಿವೆ, ಸಂಜೆ ಅಲ್ಲಿ ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ.

ಹಂತ 8: ದಂಡೆಯಲ್ಲಿ ಎಚ್ಚರದ ಗುರುತುಗಳು

ಇಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಮ್ಮ ಎಷ್ಟೋ ಮಂದಿಗೆ ಈಜು ಬರುವುದಿಲ್ಲ, ಆದರೂ ಮಕ್ಕಳ ಹಿಂದೆ ನೀರಿಗೆ ಇಳಿಯುತ್ತೇವೆ.

ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಅಲ್ಲಿ ಲೈಫ್‌ಗಾರ್ಡ್ ಕಣ್ಣಿಟ್ಟಿರುತ್ತಾರೆ. ಬರೀ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತಿಲ್ಲ. ಬೇಸಿಗೆ ಬಿಟ್ಟು ಬೇರೆ ತಿಂಗಳಲ್ಲಿ ಲೈಫ್‌ಗಾರ್ಡ್‌ಗಳೇ ಇರುವುದಿಲ್ಲ.

ಕಂಬದ ಮೇಲೆ ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಆಟಿಕೆ, ರಬ್ಬರ್ ದೋಣಿ ನೀರಿಗೆ ಬಿಡಬಾರದು. ಇದರಲ್ಲಿ ಮೋಸ ಹೋಗುವುದು ಸುಲಭ. ಮಾರ್ಗೇಟ್‌ನಲ್ಲಿ ದಕ್ಷಿಣದ ಗಾಳಿ ಬೀಸಿದಾಗ ದಡದ ಹತ್ತಿರ ನೀರು ಕೆರೆಯ ಹಾಗೆ ನಿಶ್ಚಲವಾಗಿ ಕಾಣುತ್ತದೆ. ಆದರೆ ಆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ಮಗು ಕೂತ ರಬ್ಬರ್ ದೋಣಿ ನೀವು ಕೂಗುವಷ್ಟರಲ್ಲಿ ದೂರ ಹೋಗಿರುತ್ತದೆ. ಅದರ ಹಿಂದೆ ಈಜಿ ಹೋಗಬೇಡಿ, ತಕ್ಷಣ ಸಹಾಯ ಕೂಗಿ.

ಬಾಟನಿ ಬೇಯಿಂದ ಕಿಂಗ್ಸ್‌ಗೇಟ್, ಜಾಸ್ ಬೇ ಕಡೆಗೆ ಬಂಡೆಯ ಬುಡದಲ್ಲಿ ನಡೆಯುವವರು ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಟು, ಇಳಿತದ ಹೊತ್ತಿಗೆ ವಾಪಸ್ ತಿರುಗಿಬಿಡಿ. ನೀರು ಏರುವಾಗ ಮೊದಲು ತುಂಬುವುದು ಎರಡು ದಂಡೆಗಳ ನಡುವೆ ಬಂಡೆ ಚಾಚಿರುವ ಮೂಲೆಗಳು. ನೀವು ನಿಂತ ಮರಳು ಒಣಗಿದ್ದರೂ ಹೋಗುವ ದಾರಿ ಮುಚ್ಚಿರುತ್ತದೆ, ಹಿಂದೆ ನೇರ ಗೋಡೆಯಂಥ ಬಂಡೆ. ಮುಂದಿನ ಮೂಲೆಯ ಬುಡಕ್ಕೆ ನೀರು ತಾಗಿದ್ದು ಕಂಡರೆ, ಎಷ್ಟು ಚೆಂದದ ಫೋಟೋ ಸಿಗುತ್ತಿದ್ದರೂ ತಿರುಗಿ ನಡೆಯಿರಿ.

ಟ್ಯಾಂಕರ್ಟನ್‌ನ ‘ದ ಸ್ಟ್ರೀಟ್’ ಮೇಲೂ ಇದೇ ನಿಯಮ. ನೀರು ಎರಡೂ ಪಕ್ಕದಿಂದ ಏರುತ್ತದೆ, ಸೆಳೆತ ಜೋರು. ಅಲ್ಲಿಂದ ನೀರಿಗೆ ಇಳಿಯಬೇಡಿ, ಪಕ್ಕದ ಕೆಸರಿಗೂ ಕಾಲಿಡಬೇಡಿ.

ಬಿಳಿ ಬಂಡೆಗಳು ಮೃದು ಸುಣ್ಣಕಲ್ಲಿನವು, ಮಳೆ ಬಂದ ಮೇಲೆ ಕುಸಿಯುತ್ತವೆ. ಡೋವರ್‌ನಲ್ಲಿ ಮೇಲೆ ನಡೆಯುವಾಗ ಅಂಚಿನಿಂದ ದೂರ ಇರಿ. ಹುಲ್ಲು ಇದ್ದ ಮಾತ್ರಕ್ಕೆ ಅದರಡಿ ನೆಲ ಇದೆ ಅಂತಲ್ಲ. ಕೆಳಗೆ ಬಂಡೆಗೆ ಒರಗಿಕೊಂಡು ಊಟಕ್ಕೆ ಕೂರುವುದೂ ಬೇಡ. ಹೊಸದಾಗಿ ಬಿದ್ದ ಬಿಳಿ ಕಲ್ಲಿನ ರಾಶಿ ಕಂಡರೆ ಆ ಜಾಗ ಬಿಟ್ಟು ಹೊರಡಿ.

ಜೋರು ಮಳೆಯಾದ ಮೇಲೆ ಒಂದೆರಡು ದಿನ ನೀರಿಗೆ ಇಳಿಯಬೇಡಿ. ಚರಂಡಿಯ ನೀರು ಕಡಲಿಗೆ ಸೇರಿರುವ ಸಾಧ್ಯತೆ ಇರುತ್ತದೆ.

ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಬೇಕು ಅಂತ ಹೇಳಿ. ನೀರಿನಲ್ಲಿ ಸಿಕ್ಕಿಕೊಂಡವರು ಕೈಕಾಲು ಬಡಿಯದೆ, ತಲೆ ಹಿಂದಕ್ಕೆ ಚಾಚಿ, ಬೆನ್ನ ಮೇಲೆ ತೇಲಲು ನೋಡಬೇಕು. ಉಸಿರು ಹತೋಟಿಗೆ ಬಂದ ಮೇಲೆ ಕೂಗಬೇಕು. ಇದನ್ನು ಮಕ್ಕಳಿಗೆ ರೈಲಿನಲ್ಲೇ ಹೇಳಿಕೊಡಿ.

ಹಂತ 9: ವಾಪಸ್ ರೈಲು

ಕೊನೇ ರೈಲನ್ನು ನಂಬಿ ದಿನ ಜೋಡಿಸಬೇಡಿ. ಅದಕ್ಕಿಂತ ಎರಡು ರೈಲು ಮುಂಚಿನದ್ದು ನಿಮ್ಮದು ಅಂತ ಇಟ್ಟುಕೊಳ್ಳಿ. ಬಿಸಿಲಿನ ಶನಿವಾರ ಸಂಜೆ ಮಾರ್ಗೇಟ್‌ನಿಂದ ಹೊರಡುವ ರೈಲುಗಳು ತುಂಬಿಹೋಗುತ್ತವೆ. ಹಿರಿಯರು, ಚಿಕ್ಕ ಮಕ್ಕಳು ಇದ್ದರೆ ಸಂಜೆ 4ರೊಳಗೆ ಹೊರಟುಬಿಡಿ, ಇಲ್ಲವೇ ಊಟ ಮುಗಿಸಿ 8ರ ಮೇಲೆ ಹೊರಡಿ. ದಂಡೆಯ ಶೌಚಾಲಯಗಳು ಸಂಜೆ ಬೀಗ ಹಾಕುವುದುಂಟು, ನಿಲ್ದಾಣಕ್ಕೆ ಹೊರಡುವ ಮೊದಲೇ ಆ ಕೆಲಸ ಮುಗಿಸಿ.

ನಿಲ್ದಾಣಕ್ಕೆ ನಡೆಯಲು ಶುರು ಮಾಡುವ ಅರ್ಧ ಗಂಟೆ ಮೊದಲು ಆ್ಯಪ್‌ನಲ್ಲಿ ನಿಮ್ಮ ರೈಲು ನೋಡಿ. ರದ್ದಾಗಿದ್ದರೆ ಬೇರೆ ದಾರಿ ಹುಡುಕಲು ಸಮಯ ಸಿಗುತ್ತದೆ. ರ್ಯಾಮ್ಸ್‌ಗೇಟ್‌ನಲ್ಲಿ ಮೂರೂ ದಾರಿ ಸೇರುತ್ತವೆ. ಉತ್ತರ ದಾರಿ ಕೆಟ್ಟಿದ್ದರೆ ಲೂಪ್ ಬಸ್ ಹಿಡಿದು ಅಲ್ಲಿಗೆ ಹೋಗಿ, ಕ್ಯಾಂಟರ್‌ಬರಿ ಮೇಲಿನಿಂದ ಲಂಡನ್‌ಗೆ ಬರಬಹುದೇ ನೋಡಿ. ಆದರೆ ನಿಮ್ಮ ಟಿಕೆಟ್ ಆ ದಾರಿಗೆ ನಡೆಯುತ್ತದೆಯೇ ಅಂತ ನಿಲ್ದಾಣದ ಸಿಬ್ಬಂದಿಯನ್ನು ಕೇಳಿಯೇ ಹತ್ತಿ.

ರೈಲು 15 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ಲಂಡನ್ ತಲುಪಿದರೆ ಡಿಲೇ ರಿಪೇ ಅನ್ನುವ ಪರಿಹಾರ ಯೋಜನೆಯಲ್ಲಿ ಸ್ವಲ್ಪ ಹಣ ವಾಪಸ್ ಕೇಳಬಹುದು. 28 ದಿನದೊಳಗೆ ಅರ್ಜಿ ಹಾಕಬೇಕು. ಕಾಗದದ ಟಿಕೆಟ್ ಆಗಿದ್ದರೆ ಗೇಟ್ ಯಂತ್ರ ಅದನ್ನು ನುಂಗಿಬಿಡಬಹುದು, ಹಾಗಾಗಿ ರೈಲಿನಲ್ಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.